ಮನೆ ಹತ್ತಿರದ ತರಬೇತಿ

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಎಂದರೆ ಡಾಕ್ಟರುಗಳಿಗೂ ಎದೆ ಡವಡವ. ಕೈ ತೊಳೆಯದೆ ಒಳಗೆ ಬಂದ ಹೊಸ ಡಾಕ್ಟರ ಬೆವರನ್ನು ಎಲ್ಲರೆದುರೇ ಇಳಿಸುತ್ತಿದ್ದಳು. ಅಂಥವಳು ಒಬ್ಬಳೇ ಮಗಳನ್ನು ಡಾಕ್ಟರಿಕೆ ಓದಲು ಹೊರದೇಶಕ್ಕೆ ಕಳಿಸುವಾಗ ಏಜೆಂಟನ ಮುಂದೆ ಕೂತು ಏನೇನು ಕೇಳಿದಳು ಗೊತ್ತೇ? ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತದೆಯೇ, ಹುಡುಗಿಯರ ಮಹಡಿಗೆ ಬೇರೆ ಕಾವಲು ಇದೆಯೇ, ಚಳಿಗೆ ಎಷ್ಟು ದಪ್ಪದ ಕೋಟು ಬೇಕು. ಓದಿ ಬಂದ ಮೇಲೆ ಇಲ್ಲಿ ಲೈಸೆನ್ಸ್ ಸಿಗಲು ಏನು ನಿಯಮ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದಳು. ಇಷ್ಟು ವರ್ಷ ಆಸ್ಪತ್ರೆಯಲ್ಲೇ ಸವೆದವಳಿಗೆ ಅದನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವ ಕರ್ಮವೇಕೆ, ಅಲ್ಲವೇ!

ಮಗಳು ಹುಷಾರಿ. ಓದಿದಳು, ಪಾಸಾದಳು. ಉಳಿದದ್ದು ಕೊನೆಯ ವರ್ಷದ ಆಸ್ಪತ್ರೆ ತರಬೇತಿ. ಅಲ್ಲೇ ಮುಗಿಸಿಕೊಂಡು ಬರುತ್ತೇನೆ ಎಂದು ಅವಳು ಫೋನಿನಲ್ಲಿ ಹೇಳಿದರೆ ತಾಯಿಗೆ ರೇಗಿತು.

"ಏನೂ ಬೇಡ. ನನ್ನ ವಾರ್ಡ್ ಇರುವಾಗ ಕಂಡೋರ ಆಸ್ಪತ್ರೆ ಯಾಕೆ? ದೊಡ್ಡ ಡಾಕ್ಟರ ಹತ್ರ ಮಾತಾಡಿದ್ದೀನಿ. ಇಲ್ಲೇ ಮಾಡು."

"ಅಮ್ಮ, ಅದು ಲೆಕ್ಕಕ್ಕೆ ಬರುತ್ತಾ ಅಂತ ಮೊದಲು ಕೇಳು."

"ನನಗೇ ಬುದ್ಧಿ ಹೇಳ್ತೀಯಾ? ಸುಮ್ನೆ ಬಾ."

ಮಗಳನ್ನು ನೋಡದೆ ಜೀವ ಹಿಂಡುತ್ತಿತ್ತು, ಅದು ನಿಜ. ವಾರ್ಡಿನವರಿಗೆಲ್ಲ ತೋರಿಸಬೇಕೆಂಬ ಚಪಲ ಅದಕ್ಕಿಂತ ನಿಜ. ಮಗಳು ಬಂದು ವರ್ಷಪೂರ್ತಿ ಅಮ್ಮನ ಪಕ್ಕದಲ್ಲೇ ನಿಂತು ಹೆರಿಗೆ ಮಾಡಿಸಿದಳು. ಅವಳ ಕೈಗುಣವನ್ನು ತಾಯಿ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡಳು. ಆಯಾಗಳು ಎದುರಿಗೆ ಹೌದೌದು ಎಂದು, ಬೆನ್ನ ಹಿಂದೆ ಮುಸಿಮುಸಿ ನಕ್ಕರು.

ಲೈಸೆನ್ಸ್ ಕಚೇರಿಯ ಗುಮಾಸ್ತ ಮಾತ್ರ ನಗಲಿಲ್ಲ. "ಓದಿದ ದೇಶದಲ್ಲೇ ತರಬೇತಿ ಮುಗಿಸಿರಬೇಕು ಮೇಡಂ. ಇಲ್ಲಿ ಮಾಡಿದ್ದು ನಡೆಯಲ್ಲ. ವಾಪಸ್ ಹೋಗಿ ಮಾಡ್ಕೊಂಡು ಬರ್ಲಿ" ಎಂದ. ಅಲ್ಲಿಗೆ ಕೇಳಿದರೆ, ನಡುವೆ ಬಿಟ್ಟು ಹೋದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಕಾಲೇಜಿನವರು ಕೈ ತೊಳೆದುಕೊಂಡರು. ಎಂಥ ಕೆಲಸ ಮಾಡಿಟ್ಟಳು ನೋಡಿ, ಮಹಾತಾಯಿ! ಮಗಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ದಿನಾ ಅಡಿಗೆ ಮಾಡಿ ಅಮ್ಮನಿಗೆ ಡಬ್ಬಿ ಕಟ್ಟತೊಡಗಿದಳು.

ಒಂದು ಮಧ್ಯಾಹ್ನ ಮಗಳು ಅಮ್ಮನಿಗೆ ಊಟದ ಡಬ್ಬಿ ತಂದಳು. ಒಳಗೆ ಒಬ್ಬ ಹೆಂಗಸಿಗೆ ಹೆರಿಗೆಯಾಗುತ್ತಿತ್ತು. ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತ್ತು. ಡಾಕ್ಟರು ಮೇಲಿನ ಮಹಡಿಯಲ್ಲಿ ಆಪರೇಷನ್ ಮಾಡುತ್ತಿದ್ದರು. ಉಳಿದ ನರ್ಸುಗಳೂ ಅಲ್ಲೇ. ಮಗುವನ್ನು ಹಿಡಿದಿದ್ದ ದೊಡ್ಡ ಸಿಸ್ಟರಿಗೆ, ಬಸುರಿಯ ಕಿಬ್ಬೊಟ್ಟೆ ಒತ್ತಲು ಇನ್ನೊಬ್ಬರು ಬೇಕಿತ್ತು. ಮಗಳು ಡಬ್ಬಿ ಕೆಳಗಿಟ್ಟು, ಸರಸರನೆ ಕೈ ತೊಳೆದು, ಗ್ಲೌಸ್ ಎತ್ತಿಕೊಂಡಳು.

ಅವಳು ಒತ್ತಿದರೆ ಕೆಲಸವಾಗುತ್ತದೆ ಎಂದು ತಾಯಿಗೆ ಗೊತ್ತಿತ್ತು. ಮಗುವಿಗೆ ಏನಾದರೂ ಆದರೆ, ಲೈಸೆನ್ಸ್ ಇಲ್ಲದವಳು ಮುಟ್ಟಿದಳೆಂದು ಮಗಳನ್ನು ಜೈಲಿಗೆ ಎಳೆಯುತ್ತಾರೆ ಎಂಬುದೂ ಗೊತ್ತಿತ್ತು. ಆ ಸುಡುಗಾಡು ನಿಯಮಗಳೆಲ್ಲ ಈಗ ಬಾಯಿಪಾಠ. ಆಸ್ಪತ್ರೆಯ ಸಂಬಳದ ಆಯಾ ಒತ್ತಿದರೆ ಹೊಣೆ ತನ್ನ ತಲೆಗೆ, ಅಷ್ಟೇ.

"ಮುಟ್ಟಬೇಡ! ಆಚೆ ನಿಲ್ಲು" ಎಂದು ಚೀರಿದಳು. ನೆಲ ಒರೆಸುತ್ತಿದ್ದ ಆಯಾಳನ್ನು ಕರೆದು, "ನೀನು ಬಾರೇ, ಇಲ್ಲಿ ಒತ್ತು" ಎಂದಳು.

ಆಯಾ ಹೆದರಿ ಹೆದರಿ ಒತ್ತಿದಳು. "ಇನ್ನೂ ಕೆಳಗೆ, ಪಕ್ಕಕ್ಕೆ ತಳ್ಳಿ" ಎಂದು ಮಗಳು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಮಗು ಬಂತು. ತಡವಾಗಿಯಾದರೂ ಅತ್ತಿತು.

ಎಲ್ಲ ಮುಗಿದ ಮೇಲೆ ತಾಯಿ ಕೈ ಒರೆಸಿಕೊಳ್ಳುತ್ತ ಮಗಳ ಹತ್ತಿರ ಬಂದಳು. "ನಿನ್ನ ಒಳ್ಳೇದಕ್ಕೇ ಹೇಳಿದ್ದು ಪುಟ್ಟಿ" ಎಂದಳು.

ಮಗಳು ಗ್ಲೌಸನ್ನು ಕಸದ ಬುಟ್ಟಿಗೆ ಹಾಕಿದಳು.

"ಆಯಾ ಕೆಲಸ ಖಾಲಿ ಇದ್ರೆ ಹೇಳಮ್ಮ. ಅವರಿಗಾದ್ರೂ ಮುಟ್ಟೋಕೆ ಬಿಡ್ತೀಯಲ್ಲ."