ಶಿವಕಾಂತಮ್ಮ ಮಾಡದ ತಪ್ಪು

ಶಹಾಬಾದಿನ ನಾಗೇಂದ್ರಪ್ಪ ಡಾಕ್ಟರ ದವಾಖಾನೆಯಲ್ಲಿ ಸಿಸ್ಟರ್ ಶಿವಕಾಂತಮ್ಮ ಇಪ್ಪತ್ತೊಂದು ವರ್ಷ ಸೂಜಿ ಹಾಕಿದವಳು. ಆಕೆಯ ಕೈ ಭಾಳ ಹಗುರ ಎಂದು ದಂಡೋತಿಯಿಂದ ವಾಡಿಯವರೆಗೆ ಎಲ್ಲರೂ ಹೇಳುತ್ತಿದ್ದರು. ಹೇಳಬೇಕಾದ ಒಬ್ಬರು ಮಾತ್ರ ಹೇಳಿರಲಿಲ್ಲ, ಡಾಕ್ಟರು.

ಹೋದ ವರ್ಷ ಡಾಕ್ಟರಿಗೆ ಗುಣಮಟ್ಟದ ಪ್ರಮಾಣಪತ್ರದ ಹುಕಿ ಬಂತು. ಅದಕ್ಕೆಂದು ಸಂಘಮಿತ್ರಾ ಎಂಬ ಹೊಸ ಸಿಸ್ಟರ್ ಬಂದಳು. ಆಕೆಯ ಬೆನ್ನಿಗೇ ತಪ್ಪಿನ ಪುಸ್ತಕ ಬಂತು. ಕೆಲಸದಲ್ಲಿ ಏನು ತಪ್ಪಿದರೂ ತಪ್ಪಿದವರೇ ಅದರಲ್ಲಿ ಬರೆಯಬೇಕು, ಬರೆದವರಿಗೆ ಬೈಗುಳವಿಲ್ಲ. ಸೋಮವಾರ ಬೆಳಿಗ್ಗೆ ಡಾಕ್ಟರು ಅದನ್ನು ಎಲ್ಲರೆದುರು ಓದುತ್ತಿದ್ದರು.

"ಮಾಣಿಕಪ್ಪನ ಗುಳಿಗಿ ಬ್ಯಾರೆಯವರಿಗೆ ಕೊಡಲಿಕ್ಕೆ ಹೋಗಿದ್ದಳಂತ. ತಾನೇ ಬರದಾಳ. ಶಭಾಷ್ ಸಂಘಮಿತ್ರಾ!" ಎಂದು ಶಿವಕಾಂತಮ್ಮನ ಕಡೆ ತಿರುಗಿದರು. "ನಿಮ್ಮ ಹಾಳಿ ಖಾಲಿನೇ ಅದ ಅಲ್ರಿ, ಶಿವಕಾಂತಮ್ಮ?"

ಶಿವಕಾಂತಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ತಪ್ಪು ಮಾಡಿದವಳಿಗೆ ಶಭಾಷ್‌ಗಿರಿ, ಮಾಡದವಳಿಗೆ ಮಣ್ಣು! ಸಂಘಮಿತ್ರಾಳ ದುಂಡನೆ ಅಕ್ಷರ ಕಂಡರೂ ಉರಿ, ಆಕೆ ನಕ್ಕರೂ ಉರಿ. ಮನೆಗೆ ಹೋದರೆ ಅನ್ನ ಸೇರದು. ಸಣ್ಣ ತಪ್ಪಿಗೇ ಇಷ್ಟು ಸಿಕ್ಕರೆ ದೊಡ್ಡದಕ್ಕೆ ಎಷ್ಟು ಸಿಗಬೇಕು ಎಂದು ಲೆಕ್ಕ ಹಾಕಿದಳು ಪುಣ್ಯಾತ್ಗಿತ್ತಿ. ಶನಿವಾರ ಪುಸ್ತಕ ತೆಗೆದು, ಗುರುವಾರ ಟೈಫಾಯಿಡ್ ಲಸಿಕೆಯ ಡಬ್ಬಿಯನ್ನು ಮಧ್ಯಾಹ್ನದವರೆಗೆ ಕಿಟಕಿಯ ಬಿಸಿಲಲ್ಲಿ ಮರೆತೆ, ಅದನ್ನೇ ಏಳು ಮಕ್ಕಳಿಗೆ ಹಾಕಿದೆ ಎಂದು ಬರೆದುಬಿಟ್ಟಳು. ಏಳು ಮಕ್ಕಳಿಗೆ ಹಾಕಿದ್ದು ನಿಜ, ಆದರೆ ಡಬ್ಬಿ ಬಿಸಿಲು ಕಂಡಿರಲೇ ಇಲ್ಲ, ಫ್ರಿಜ್‌ನಲ್ಲೇ ಇತ್ತು.

ಸೋಮವಾರ ಡಾಕ್ಟರು ಓದಿದರು. ಶಭಾಷ್ ಬರಲಿಲ್ಲ. ಅವರ ಮುಖ ಬಿಳುಚಿತು.

"ಬಿಸಿಲಿಗೆ ಲಸಿಕಿ ಕೆಟ್ಟಿರತದ. ಏಳೂ ಕೂಸುಗಳನ್ನ ಕರೀರಿ, ಮತ್ತ ಹಾಕಬೇಕು."

ಸಂಘಮಿತ್ರಾ ಆಗಲೇ ಫೋನ್ ಹಚ್ಚಿದ್ದಳು. ಅದನ್ನೂ ಆಕೆಯೇ ಮೊದಲು ಮಾಡಬೇಕೆ ಎಂದು ಶಿವಕಾಂತಮ್ಮನಿಗೆ ಅಷ್ಟರಲ್ಲೂ ಸಿಟ್ಟು ಬಂತು.

ಎಲ್ಲರಿಗಿಂತ ಮೊದಲು ದಂಡೋತಿಯ ಜೈಬುನ್ನೀಸಾ ಮಗಳು ಮಹೆಕ್‌ಳನ್ನು ಎತ್ತಿಕೊಂಡು ಓಡಿ ಬಂದಳು. ಜೈಬುನ್ನೀಸಾಗೂ ಚಿಕ್ಕಂದಿನಲ್ಲಿ ಸೂಜಿ ಹಾಕಿದವಳು ಶಿವಕಾಂತಮ್ಮನೇ. ಮೂರು ವರ್ಷದ ಮಹೆಕ್ ಸೂಜಿ ಕಂಡು ತುಟಿ ಕಚ್ಚಿ, ತಾನೇ ತೋಳು ಮೇಲೆತ್ತಿ ಕೊಟ್ಟಳು. ಶಿವಕಾಂತಮ್ಮನ ಕೈ ಮುಂದೆ ಹೋಗಲಿಲ್ಲ.

"ಬ್ಯಾಡ್ರಿ ಡಾಕ್ಟರ್. ಡಬ್ಬಿ ಫ್ರಿಜ್‌ನ್ಯಾಗೇ ಇತ್ತು. ನಾ ಸುಳ್ಳ ಬರದೀನಿ."

"ಯಾಕ?"

"ಆಕಿಗೆ ವಾರಾವಾರಾ ಶಭಾಷ್ ಅಂತೀರಿ. ನನಗ ಇಪ್ಪತ್ತೊಂದು ವರ್ಷದಾಗ ಒಮ್ಮೆರೆ ಅಂದೀರೇನ್ರಿ?"

ಡಾಕ್ಟರು ಮೆಲ್ಲಗೆ ಹೇಳಿದರು.

"ಅನ್ನಲಿಲ್ಲ, ಅದು ನನ್ನ ತಪ್ಪು. ಆದ್ರ ಬರದದ್ದು ಸುಳ್ಳೋ, ಈಗ ಹೇಳಾಕತ್ತಿದ್ದು ಸುಳ್ಳೋ, ಯಾವುದನ್ನ ನಂಬಲಿ? ಕೂಸಿನ ಜೀವದ ಮಾತು. ಹಾಕಲೇಬೇಕು."

ಶಿವಕಾಂತಮ್ಮ ಕಣ್ಣೊರೆಸಿಕೊಂಡು ಮತ್ತೆ ಮುಂದೆ ಬಂದಳು. ಜೈಬುನ್ನೀಸಾ ಮಗಳನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ನೀವು ಬ್ಯಾಡ್ರಿ ಅಕ್ಕಾ," ಎಂದಳು, ಮುಖ ನೋಡದೆ. "ಆ ಹೊಸಾ ಸಿಸ್ಟರ್ ಹಾಕಲಿ."