ಶರಣಮ್ಮನ ಕೈಯ ಲೋಟ

ಹ್ಯಾಲೋವೀನ್ ಪಾರ್ಟಿ ಇಡುವ ಯೋಚನೆ ನೀತಾಳದೇ. ಹಿಂದಿನ ವರ್ಷ ಪುಣೆಯ ಧಾಯರಿಯ ಅವರ ಅಪಾರ್ಟ್‌ಮೆಂಟಿನ ಬಿ ವಿಂಗ್‌ನವರು ಮಾಡಿದಾಗ ಅವಳ ಮಗಳು ಸ್ನೇಹಲ್‌ಳನ್ನು ಕರೆದಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಎರಡು ದಿನಕ್ಕೆ ಮರೆತಳು, ತಾಯಿ ಮರೆಯಲಿಲ್ಲ. ಈ ಸಲ ಅಕ್ಟೋಬರ್ ಮೂವತ್ತೊಂದಕ್ಕೆ ನಮ್ಮ ಮನೆಯಲ್ಲಿ, ಎಲ್ಲ ಮಕ್ಕಳೂ ಮಾಟಗಾತಿಯ ವೇಷದಲ್ಲೇ ಬರಬೇಕು ಎಂದು ಹೇಳಿಕಳಿಸಿದಳು. ಕಪ್ಪು ಚಾರ್ಟ್ ಪೇಪರಿನಲ್ಲಿ ಹದಿನಾಲ್ಕು ಚೂಪು ಟೊಪ್ಪಿಗೆ ಅಂಟಿಸಿದಳು. ಕಸಬರಿಗೆಗಳಿಗೆ ರಿಬ್ಬನ್ ಕಟ್ಟಿ ಗೋಡೆಗೆ ಒರಗಿಸಿಟ್ಟಳು.

ಅವಳ ಗಂಡ ಶಿವರಾಜ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಿ. ಜಮಖಂಡಿ ಬಿಟ್ಟು ಹದಿನೆಂಟು ವರ್ಷವಾಗಿತ್ತು. "ಇದನ್ನ ನಿಮ್ಮವ್ವ ನೋಡಿದ್ರ ಮನಿ ತುಂಬ ಗೋಮೂತ್ರ ಹೊಡೀತಾಳ" ಎಂದು ನಕ್ಕ.

ಎಲ್ಲ ಇತ್ತು, ಮಕ್ಕಳ ನಡುವೆ ಕೂರುವ ಒಬ್ಬ ದೊಡ್ಡ ಮಾಟಗಾತಿ ಮಾತ್ರ ಇರಲಿಲ್ಲ. ನೀತಾಳಿಗೆ ಶರಣಮ್ಮ ನೆನಪಾದಳು.

ಶರಣಮ್ಮ ಕೆಳಗಿನ ಒಂದು ಕೋಣೆಯ ಫ್ಲ್ಯಾಟಿನಲ್ಲಿದ್ದಳು. ಸೇಡಂ ಕಡೆಯವಳು. ಗಂಡ ಮಲಕಪ್ಪ ಗೌಂಡಿ ಕೆಲಸಕ್ಕೆಂದು ಪುಣೆಗೆ ಬಂದು, ಇದೇ ಕಟ್ಟಡ ಕಟ್ಟಿ, ಇದರಲ್ಲೇ ಮನೆ ಮಾಡಿ, ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಅವಳು ಹನ್ನೆರಡು ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮಾತು ಜೋರು, ನಗು ಅದಕ್ಕಿಂತ ಜೋರು. ನೀತಾ ಕೇಳಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ನನಗ ಮಾಟಗಾತಿ ಮಾಡ್ತಿ? ಏ ತಂಗಿ, ನಮ್ಮೂರಾಗ ಹಿಂಗಂದ್ರ ಹೆಣಾ ಬೀಳ್ತಾವು."

"ಇದು ಬರೀ ಆಟ ರೀ ಕಾಕೂ. ಹುಡುಗುರಿಗೆ ನಿಮ್ಮಂಥಾ ಅಜ್ಜಿ ಎಲ್ಲಿ ಸಿಗಬೇಕು?"

ಮಕ್ಕಳೆಂದರೆ ಶರಣಮ್ಮನಿಗೆ ಜೀವ. ಒಪ್ಪಿದಳು.

ಅವತ್ತು ಸಂಜೆ ನಾಲ್ಕೂವರೆಗೆ ಕಪ್ಪು ಇಳಕಲ್ ಸೀರೆಯುಟ್ಟು, ತಲೆಗೆ ಚೂಪು ಟೊಪ್ಪಿಗೆ ಏರಿಸಿಕೊಂಡು ಶರಣಮ್ಮ ನಡುಮನೆಯಲ್ಲಿ ಕೂತಳು. ಮುಂದೆ ದೊಡ್ಡ ಪಾತೇಲಿ. ಪಾತೇಲಿಯಲ್ಲಿ ಬಿಸಿನೀರು, ನೀರಿನಲ್ಲಿ ಹೊಗೆ ಬರುವ ಡ್ರೈ ಐಸ್, ನಡುವೆ ಒಂದು ಸಣ್ಣ ಪಾತ್ರೆಯಲ್ಲಿ ಪುದೀನಾದ ಹಸಿರು ಶರಬತ್ತು. ಡ್ರೈ ಐಸ್ ಕೊಟ್ಟ ಅಂಗಡಿಯವನು ನೀತಾಳಿಗೆ ಎರಡೆರಡು ಸಲ ಹೇಳಿದ್ದ: ಬರಿಗೈಲಿ ಮುಟ್ಟಿದರೆ ಚರ್ಮ ಸುಟ್ಟುಹೋಗುತ್ತದೆ, ಕುಡಿಯುವುದರಲ್ಲಿ ಹಾಕಲೇಬೇಡಿ. ಅದಕ್ಕೇ ಅವಳು ಎರಡು ಪಾತ್ರೆ ಇಟ್ಟಿದ್ದಳು.

ಹೊಗೆ ನೆಲದ ಮೇಲೆ ಹರಿದಾಡಿತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈ ಒಡ್ಡಿದರು. ಶರಣಮ್ಮ ಹರಕುಮುರುಕು ಮರಾಠಿಯಲ್ಲಿ ಭವಿಷ್ಯ ಹೇಳಿದಳು. ಒಬ್ಬಳಿಗೆ ನೀನು ಬೆಕ್ಕಾಗ್ತಿ ಅಂದಳು, ಮತ್ತೊಬ್ಬನಿಗೆ ನಿನ್ನ ಹೋಮ್‌ವರ್ಕ್ ಹಲ್ಲಿ ತಿಂತದ ಅಂದಳು. ಮೂರನೇ ಮಹಡಿಯ ಶಾಲಿನಿಯ ಮಗ, ಏಳು ವರ್ಷದ ಸಾತ್ವಿಕನ ಹೊಟ್ಟೆ ಮುಟ್ಟಿ, "ಇದರಾಗ ಕಪ್ಪಿ ಕುಣೀತದ" ಅಂದಳು. ಹುಡುಗ ಬಿದ್ದು ಬಿದ್ದು ನಕ್ಕ. "ಚೇಟಕೀಣ ಆಜೀ! ಚೇಟಕೀಣ ಆಜೀ!" ಎಂದು ಎಲ್ಲರೂ ಕೂಗಿದರು, ಮರಾಠಿಯಲ್ಲಿ ಮಾಟಗಾತಿ ಅಜ್ಜಿ ಎಂದರ್ಥ.

ಅಷ್ಟರಲ್ಲಿ ಹೊಗೆ ಕಡಿಮೆಯಾಯಿತು. ಅರ್ಧ ಮಕ್ಕಳು ಇನ್ನೂ ಶರಬತ್ತು ಕುಡಿದಿರಲಿಲ್ಲ. "ಹೊಗಿ ಹೋತು ಮಮ್ಮಿ!" ಎಂದು ಸ್ನೇಹಲ್ ರಾಗ ತೆಗೆದಳು. ನೀತಾ ಅಡುಗೆಮನೆಗೆ ಓಡಿದಳು. ಉಳಿದ ಚೂರುಗಳನ್ನು ಇಕ್ಕಳದಲ್ಲಿ ಹಿಡಿದು ತಂದಳು. ಪಾತೇಲಿಯ ಬಿಸಿನೀರು ಆರಿ ಮಂಜುಗಟ್ಟಿತ್ತು, ಮತ್ತೆ ಕಾಯಿಸಲು ಪುರುಸೊತ್ತಿರಲಿಲ್ಲ. ಚೂರುಗಳನ್ನು ನೇರ ಶರಬತ್ತಿಗೇ ಹಾಕಿಬಿಟ್ಟಳು. ಬುಸ್ಸೆಂದು ಹೊಗೆ ಎದ್ದಿತು. ಮಕ್ಕಳು ಚೀರಿದರು. ನೀತಾ ಫೋನು ತೆಗೆದು, ಶರಣಮ್ಮ ಸಾತ್ವಿಕನಿಗೆ ಲೋಟ ಕೊಡುವ ಫೋಟೊ ಹೊಡೆದಳು.

ಸಾತ್ವಿಕ ಒಂದೇ ಗುಟುಕಿಗೆ ಕುಡಿದ. ಹುಣಸೆಬೀಜದಷ್ಟು ಒಂದು ಚೂರು ಒಳಗೆ ಹೋಯಿತು. ಮೊದಲು ಕೆಮ್ಮಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತ. ಬಾಯಲ್ಲಿ ರಕ್ತ ಬಂದಾಗ ಕೂಡ ಕೆಲವು ಮಕ್ಕಳು ಅದನ್ನೂ ಆಟವೆಂದೇ ತಿಳಿದು ಚಪ್ಪಾಳೆ ಹೊಡೆದರು.

ಆಸ್ಪತ್ರೆಯಲ್ಲಿ ಡಾಕ್ಟರು ಏನು ಕುಡಿದಿದ್ದ ಎಂದು ಕೇಳಿದರು. ನೀತಾ ಡ್ರೈ ಐಸ್ ವಿಷಯ ಹೇಳಿದಳು. "ಪಕ್ಕದಲ್ಲೇ ಇತ್ತು, ಹೆಂಗೋ ಒಂದು ಚೂರು ಬಿದ್ದಿರಬೇಕು" ಎಂದಳು. ಹೊಟ್ಟೆಯಲ್ಲಿ ರಂಧ್ರವಾಗಿತ್ತು. ಹುಡುಗನನ್ನು ಆಪರೇಷನ್ನಿಗೆ ಒಯ್ದ ಮೇಲೆ ಶಾಲಿನಿ ನೀತಾಳ ಮೊಣಕೈ ಹಿಡಿದು ಮರಾಠಿಯಲ್ಲಿ ಕೇಳಿದಳು: "ಅವನಿಗೆ ಲೋಟ ಕೊಟ್ಟವರು ಯಾರು?"

"ಶರಣಮ್ಮ ಕಾಕು."

ಅದು ಸುಳ್ಳಾಗಿರಲಿಲ್ಲ. ನೀತಾ ಅಲ್ಲಿಗೇ ನಿಲ್ಲಿಸಿದಳು.

ಮನೆಗೆ ಬಂದು ಗಂಡನಿಗೆ ಮಾತ್ರ ಪೂರ್ತಿ ಹೇಳಿದಳು. ಶಿವರಾಜ ಎದ್ದು ಬಾಗಿಲು ಹಾಕಿ ಬಂದ. "ಈಗ ಬಾಯಿ ಬಿಡಬ್ಯಾಡ. ಹುಡುಗ ಮೊದಲ ಆರಾಮಾಗ್ಲಿ" ಎಂದ.

ಹುಡುಗ ಬದುಕಿದ. ಹೊಟ್ಟೆಯ ಒಂದು ಭಾಗ ತೆಗೆಯಬೇಕಾಯಿತು. ನೀತಾ ದಿನಾ ಆಸ್ಪತ್ರೆಗೆ ಹೋಗಿ ಶಾಲಿನಿಗೆ ಊಟ ಕೊಟ್ಟು ಬರುತ್ತಿದ್ದಳು. ನಾಳೆ ಹೇಳುತ್ತೇನೆ ಎಂದುಕೊಂಡೇ ಹೊರಡುತ್ತಿದ್ದಳು, ಡಬ್ಬಿ ಕೊಟ್ಟು ವಾಪಸಾಗುತ್ತಿದ್ದಳು.

ಪಾರ್ಟಿಯ ಹೊತ್ತಿಗೇ ಅವಳು ಕಳಿಸಿದ್ದ ಫೋಟೊ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಗೇ ಇತ್ತು. ಕರಿ ಸೀರೆ, ಕರಿ ಟೊಪ್ಪಿಗೆ, ಹುಡುಗನ ಕಡೆ ಚಾಚಿದ ಲೋಟ. ಅದರ ಕೆಳಗೆ ಒಬ್ಬರು, ಗಂಡ ಇಲ್ಲದವಳ ಕೈಲಿ ಮಕ್ಕಳಿಗೆ ಯಾಕೆ ಕೊಡಿಸಿದಿರಿ ಎಂದು ಬರೆದರು. ಹೊಟ್ಟೆ ಮುಟ್ಟಿ ಏನೋ ಅಂದಳಂತೆ, ನಮ್ಮ ಮಗಳೇ ಕೇಳಿಸಿಕೊಂಡಿದ್ದಾಳೆ ಎಂದು ಇನ್ನೊಬ್ಬರು. ಐಟಿ ಕಂಪನಿಗಳಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಜನ. ಹದಿನೈದು ದಿನದಲ್ಲಿ ಶರಣಮ್ಮನ ಹನ್ನೆರಡು ಮನೆಗಳು ಎರಡಕ್ಕಿಳಿದವು. ಅವಳ ಬಾಗಿಲ ಮುಂದೆ ಯಾರೋ ಕುಂಕುಮ ಮೆತ್ತಿದ ನಿಂಬೆಹಣ್ಣು ಕೊಯ್ದು ಬಿಸಾಡಿದರು. ಮಕ್ಕಳು ಅವಳನ್ನು ಕಂಡರೆ "ಚೇಟಕೀಣ" ಎಂದು ಓಡುತ್ತಿದ್ದರು. ಈಗ ಆಜೀ ಎಂದು ಸೇರಿಸುತ್ತಿರಲಿಲ್ಲ.

ಸಾತ್ವಿಕ ಮನೆಗೆ ಬಂದ ಮೇಲೂ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಭೋರ್ ಊರಿನಿಂದ ಅವನ ಅಜ್ಜಿ ಬಂದಳು. ಒಂದು ಭಾನುವಾರ ಬೆಳಿಗ್ಗೆ ಶರಣಮ್ಮನನ್ನು ಪಾರ್ಕಿಂಗಿಗೆ ಕರೆಸಿದರು. ಅಜ್ಜಿ ಒಂದು ತಂಬಿಗೆ ನೀರು ಹಿಡಿದು ನಿಂತಿದ್ದಳು. ಬೈಕುಗಳ ನಡುವೆ ಹತ್ತಿಪ್ಪತ್ತು ಜನ.

"ಮಾಟ ಹಾಕಿದವಳೇ ತೆಗೀಬೇಕು," ಅಜ್ಜಿ ಹೇಳಿದಳು. "ನೀರಿಗೆ ಉಗುಳು. ನಾನೇ ಮಾಡಿದ್ದು, ನಾನೇ ತೆಗೀತೀನಿ ಅನ್ನು."

ನೀತಾ ಎರಡನೇ ಮಹಡಿಯ ಬಾಲ್ಕನಿಯಲ್ಲಿದ್ದಳು. ಶರಣಮ್ಮ ಬೈದಾಳು, ಗದ್ದಲ ಮಾಡಿಯಾಳು ಎಂದುಕೊಂಡಳು. ಶರಣಮ್ಮ, ಶಾಲಿನಿಯ ಹೆಗಲ ಮೇಲೆ ಮಲಗಿದ್ದ ಹುಡುಗನನ್ನು ನೋಡಿದಳು. ಅವನ ಕಾಲುಗಳು ಕಡ್ಡಿಯಾಗಿದ್ದವು. ಬಗ್ಗಿ ನೀರಿಗೆ ಉಗುಳಿದಳು. "ನಾನೇ ಮಾಡೀನಿ. ನಾನೇ ತಗೀತೀನಿ" ಎಂದಳು. ಅಜ್ಜಿಗೆ ಕೇಳಿಸಲಿಲ್ಲವಂತೆ, ಮತ್ತೊಮ್ಮೆ ಹೇಳಿಸಿದರು. ಯಾರೋ ವಿಡಿಯೊ ಮಾಡಿದರು.

ಮಧ್ಯಾಹ್ನ ನೀತಾ ಕೆಳಗಿಳಿದು ಹೋದಾಗ ಶರಣಮ್ಮ ಬಟ್ಟೆ ಗಂಟು ಕಟ್ಟುತ್ತಿದ್ದಳು. ಕುರಕುಂಭದಲ್ಲಿ ತಂಗಿ ಸಾಬವ್ವ ಇದ್ದಾಳೆ, ಅಲ್ಲಿಗೆ ಹೋಗುತ್ತೇನೆ ಎಂದಳು.

"ಕಾಕೂ, ನೀವು ಹಂಗ್ಯಾಕ ಅಂದ್ರಿ? ನಿಮ್ಮದೇನೂ ತಪ್ಪಿಲ್ಲ. ಅವತ್ತ ಶರಬತ್ತಿಗೆ..."

"ನೀ ಹಾಕಿದ್ದು ನೋಡಿನಿ." ಶರಣಮ್ಮ ತಲೆ ಎತ್ತಲಿಲ್ಲ. "ನನಗೇನ್ ಗೊತ್ತು, ಬರ್ಫ ಅಂದ್ಕೊಂಡಿನಿ."

ನೀತಾ ಗಂಟಿನ ಪಕ್ಕ ಕುಕ್ಕರಿಸಿದಳು. "ಮತ್ತ ನೀವ್ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾದೆ."

ಅಷ್ಟು ಹೇಳಿ ಅವಳು ಗಂಟನ್ನು ಮಂಡಿಯಿಂದ ಒತ್ತಿ ಬಿಗಿದಳು.

ಆ ಸಂಜೆಯೇ ನೀತಾ ಶಾಲಿನಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅಂಗಡಿಯವನು ಎಚ್ಚರಿಸಿದ್ದನ್ನೂ ಬಿಡಲಿಲ್ಲ. ಶಾಲಿನಿ ಕೂಗಾಡಲಿಲ್ಲ. "ಮೂರು ವಾರ ನಿನ್ನ ಕೈಯ ಊಟ ಉಂಡೆ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಮರುದಿನ ಅವಳ ಗಂಡ ಪೊಲೀಸ್ ಚೌಕಿಯಲ್ಲಿ ದೂರು ಕೊಟ್ಟ. ನೀತಾ ಅಲ್ಲೂ ಅದನ್ನೇ ಹೇಳಿ ಸಹಿ ಮಾಡಿದಳು. ಕೇಸು ನಡೆಯುತ್ತಿದೆ. ಶಿವರಾಜ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಗ್ರೂಪಿನಲ್ಲಿಯೂ ಬರೆದಳು: ತಪ್ಪು ನನ್ನದು, ಶರಣಮ್ಮನವರದಲ್ಲ. ಬಹಳ ಹೊತ್ತಿನ ಮೇಲೆ ಒಂದು ಉತ್ತರ ಬಂತು. "ಆಕೆ ಹೋಗುವಾಗ ನಿಮಗೂ ಏನೋ ಮಾಡಿ ಹೋಗಿದ್ದಾಳೆ, ಯಾರಿಗಾದರೂ ತೋರಿಸಿ."

ಡಿಸೆಂಬರಿನಲ್ಲಿ ನೀತಾ ಬಸ್ಸು ಹಿಡಿದು ಕುರಕುಂಭಕ್ಕೆ ಹೋದಳು. ಶರಣಮ್ಮ ಕಂಪನಿಯೊಂದರ ಕ್ಯಾಂಟೀನಿನಲ್ಲಿ ರೊಟ್ಟಿಗೆ ನಿಂತಿದ್ದಳು. ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಹಿಂದಿನ ಬಾಗಿಲಿಗೆ ಬಂದಳು. ಇಳಿದುಹೋಗಿದ್ದಳು. ನೀತಾ, ಎಲ್ಲರ ಮುಂದೂ ನಿಜ ಹೇಳಿದ್ದೇನೆ, ವಾಪಸು ಬನ್ನಿ ಎಂದಳು.

"ಹುಡುಗ ಏನ್ ಉಣ್ತಾನ ಈಗ?"

"ಗಂಜಿ. ಸ್ವಲ್ಪ ಸ್ವಲ್ಪ ನಿಲ್ಲಾಕತ್ತದ."

ಶರಣಮ್ಮ ತಲೆದೂಗಿದಳು. ಆಮೇಲೆ ತನ್ನ ಬಲಗೈ ಮೇಲೆತ್ತಿ ನೋಡಿಕೊಂಡಳು.

"ಅವತ್ತ ಎಲ್ಲಾರ ಮುಂದ ನಾನೇ ಮಾಡೀನಿ ಅಂದೆನಲ್ಲ ತಂಗಿ, ಅಂದಾಗಿಂದ ನಾ ಮಾಡಿಲ್ಲಂತ ನನಗೂ ಖಾತ್ರಿ ಇಲ್ಲ. ಅವನ ಹೊಟ್ಟಿ ಮುಟ್ಟಿ ಕಪ್ಪಿ ಕುಣೀತದ ಅಂತ ಯಾಕರೇ ಅಂದೆನೊ. ಲೋಟಾ ಕೊಟ್ಟಿದ್ದು ಈ ಕೈನೇ ಅಲ್ಲಾ?"

"ನಾ ಹಾಕಿದ್ದು ಕಾಕೂ. ನಾನಽ ಹಾಕಿದ್ದು."

"ಹೂಂ," ಎಂದಳು ಶರಣಮ್ಮ, ಹಟ ಹಿಡಿದ ಮಗುವಿಗೆ ಹೂಂಗುಟ್ಟುವ ಹಾಗೆ. ಒಳಗಿಂದ ಯಾರೋ ರೊಟ್ಟಿ ಸೀಯುತ್ತಿದೆ ಎಂದು ಕೂಗಿದರು. ಅವಳು ತಿರುಗಿ ಒಲೆಯ ಕಡೆ ನಡೆದಳು. ನೀತಾ ಊಟದ ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದಳು. ಶರಣಮ್ಮ ಮತ್ತೆ ಹೊರಗೆ ಬರಲಿಲ್ಲ.