ಹೂವಪ್ಪ ಕೀಳಿಸಿದ ಸ್ಪೀಡ್ ಲಾಕ್

ಭದ್ರಾವತಿಯ ಹೂವಪ್ಪನವರ ಬ್ಯಾಟರಿ ಗಾಡಿಗೆ ನಂಬರ್ ಇರಲಿಲ್ಲ, ಅವರಿಗೆ ಲೈಸೆನ್ಸೂ ಇರಲಿಲ್ಲ. ಅದರಲ್ಲಿ ತಪ್ಪೇನಿಲ್ಲ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟದ, ಇನ್ನೂರೈವತ್ತು ವ್ಯಾಟ್ ಮೀರದ, ಸರ್ಕಾರ ಒಪ್ಪಿದ ಗಾಡಿಗೆ ಕಾನೂನು ಅವನ್ನು ಕೇಳುವುದಿಲ್ಲ. ಆದರೆ ಒಂದು ದಿನ ಬೀಗರು ಸೈಕಲ್ಲಿನಲ್ಲಿ ಅವರನ್ನು ಹಿಂದೆ ಹಾಕಿ, "ಏನ್ ಬೀಗ್ರೇ, ಎತ್ತು ಕಟ್ಟಿದೀರಾ?" ಎಂದು ನಕ್ಕುಬಿಟ್ಟರು.

ಹೂವಪ್ಪ ನೇರ ಮೆಕ್ಯಾನಿಕ್ ಅಬ್ದುಲ್ ವಹಾಬರ ಅಂಗಡಿಗೆ ಹೋದರು.

"ಇಪ್ಪತ್ತೈದರ ಮೇಲೆ ಓಡದಂಗೆ ಹಿಡಿಯೋ ಈ ಸ್ಪೀಡ್ ಲಾಕ್ ತೆಗ್ದುಬಿಡಿ ಭಾಯ್. ಒಂದು ವೈರ್ ತಾನೆ?"

"ಬೇಡ ಹೂವಪ್ಪಣ್ಣ. ವೈರ್ ಕಿತ್ರೆ ಇದು ಬೈಕ್ ಲೆಕ್ಕ. ನಂಬರ್, ಲೈಸೆನ್ಸ್, ಇನ್ಶೂರೆನ್ಸ್, ಹೆಲ್ಮೆಟ್ ಎಲ್ಲಾ ಬೇಕು. ಹಂಗೆ ಕಿತ್ತು ಬದಲಾಯಿಸೋದೇ ತಪ್ಪು."

"ಯಾರ್ರೀ ನೋಡ್ತಾರೆ? ಮೇಲ್ಗಡೆ ಹಂಗೇ ಇರುತ್ತಲ್ಲ!"

ವಹಾಬ್ ಗಾಡಿ ಮುಟ್ಟಲಿಲ್ಲ. ಹೂವಪ್ಪ ಇನ್ನೊಂದು ಕಡೆ ಕೀಳಿಸಿಕೊಂಡು, "ಶಿವಮೊಗ್ಗ ಈಗ ಅರ್ಧ ಗಂಟೆ" ಎಂದು ಹೆಂಡತಿ ಜಲಜಮ್ಮನ ಮುಂದೆ ಮೀಸೆ ತಿರುವಿದರು.

ಎಂಟನೆಯ ದಿನ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಲೈನಿಂಗ್ ಬಟ್ಟೆ ಹಿಡಿದು ರಸ್ತೆ ದಾಟುತ್ತಿದ್ದ ಸಂಧ್ಯಾ ಎಂಬ ಹೆಂಗಸಿಗೆ ಗಾಡಿ ಗುದ್ದಿತು. ರವಿಕೆ ಹೊಲಿದು ಸಂಸಾರ ತೂಗಿಸುವಾಕೆ. ಬಲಗೈ ಮಣಿಕಟ್ಟೇ ಮುರಿಯಿತು.

ಪೊಲೀಸರು ಕೇಳಿದಾಗ ಹೂವಪ್ಪನವರ ಬಾಯಿಂದ ಬಂದದ್ದು, "ನಾನು ನಿಧಾನಕ್ಕೇ ಇದ್ದೆ ಸಾರ್. ಅವ್ರೇ ಅಡ್ಡ ಬಂದ್ರು."

ಆಸ್ಪತ್ರೆಯಲ್ಲೂ ಹೂವಪ್ಪ ಅದನ್ನೇ ಹೇಳಿದಾಗ ಸಂಧ್ಯಾ, "ಇರ್ಬಹುದು ಅಣ್ಣ. ನಾನೇ ಸರಿಯಾಗಿ ನೋಡ್ಲಿಲ್ಲವೇನೋ" ಎಂದುಬಿಟ್ಟಳು.

ಆ ಮಾತಿಗಿಂತ ಆಕೆ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ನಡೆದದ್ದನ್ನು ಹೇಳಿ ಊಟದ ತಟ್ಟೆ ಸರಿಸಿದರು.

"ಸುಳ್ಳು ಹೇಳಿ ಬಂದ್ರಾ?" ಎಂದರು ಜಲಜಮ್ಮ.

ಬೆಳಗಾಗುತ್ತಲೇ ಹೂವಪ್ಪ ವಹಾಬರ ಮುಂದೆ ನಿಂತು ಎಲ್ಲ ಹೇಳಿದರು.

"ಬೈದುಬಿಡಿ ಭಾಯ್."

"ಬೈದ್ರೆ ಮೂಳೆ ಕೂಡುತ್ತಾ? ನಡೀರಿ ಸ್ಟೇಷನ್‌ಗೆ."

ಸ್ಟೇಷನ್ನಿನಲ್ಲಿ ನಿಜ ಹೇಳಿದರು. ಗಾಡಿಯನ್ನು ಪೊಲೀಸರು ಹಿಡಿದಿಟ್ಟುಕೊಂಡರು, ಕೇಸೂ ಆಯಿತು. ಇನ್ಶೂರೆನ್ಸ್ ಇಲ್ಲದ ಗಾಡಿ. ಚಿಕಿತ್ಸೆಯ ಭಾರವೆಲ್ಲ ಅವರ ಮೇಲೇ ಬಿತ್ತು. ಅಲ್ಲಿಂದ ಆಸ್ಪತ್ರೆಗೆ ಹೋಗಿ ಸಂಧ್ಯಾಳ ಮಂಚದ ಬಳಿ ಕೈಮುಗಿದರು. "ನೀನು ಅಡ್ಡ ಬಂದಿರ್ಲಿಲ್ಲ ತಾಯಿ. ನಾನು ಲಾಕ್ ಕೀಳಿಸಿದ್ದೆ. ಬ್ರೇಕ್ ಹಿಡಿದ್ರೂ ನಿಲ್ಲಲಿಲ್ಲ."

ಆಕೆ ಎಡಗೈ ಊರಿ ಎದ್ದು ಕುಳಿತಳು.

"ಹಂಗಾದ್ರೆ ನನ್ನ ತಪ್ಪಲ್ಲ. ನಮ್ಮನೆಯವ್ರಿಗೂ ಇದನ್ನೇ ಹೇಳಿ. ನಿನ್ನೆಯಿಂದ ನನ್ನನ್ನೇ ಬೈತಿದಾರೆ" ಎಂದು ಅತ್ತಳು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವಳ ಗಂಡನ ಹತ್ತಿರ ಹೂವಪ್ಪ ನಡೆದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬ್ಯಾಟರಿ ಗಾಡಿಯ ಕಾಗದ ಇವತ್ತೇ ತೆಗೆದು ನೋಡಿ. ನಿಧಾನದ ಗಾಡಿಯಾದರೆ ನಿಧಾನವಾಗಿಯೇ ಇರಲಿ; ಲಾಕ್ ಕಿತ್ತಿದ್ದರೆ ಹಾಕಿಸುವ ತನಕ ಬೀದಿಗೆ ತರಬೇಡಿ. ಜೋರು ಗಾಡಿಯೇ ಬೇಕೆಂದರೆ ಲೈಸೆನ್ಸ್ ಮಾಡಿಸಿ, ನಂಬರ್ ಮತ್ತು ಇನ್ಶೂರೆನ್ಸ್ ಇರುವುದನ್ನೇ ಕೊಳ್ಳಿ. ಬೀಗರು ನಕ್ಕರೆ ನಗಲಿ.